ಸ್ಕೇಲ್ ಬಂದರೂ ಬ್ಲೂಸ್ ಬಾರದೇಕೆ?

ಪ್ರಶ್ನೆ: ನಾನು ಹಿಂದೂಸ್ತಾನಿ ಪದ್ಧತಿಯಲ್ಲಿ ಹಾರ್ಮೋನಿಯಂ ಕಲಿತವನು. ಈಗ ಕೀಬೋರ್ಡ್‌ನಲ್ಲಿ ಬ್ಲೂಸ್ ಪಿಯಾನೊ ಅಭ್ಯಾಸ ಮಾಡುತ್ತಿದ್ದೇನೆ. ಬ್ಲೂಸ್ ಸ್ಕೇಲ್ ಬಾಯಿಪಾಠವಾಗಿದೆ, ಹನ್ನೆರಡು ಬಾರ್‌ಗಳ (ತಾಳದ ಆವರ್ತನದಂತಹ ಅಳತೆಗಳ) ಕಾರ್ಡ್‌ಗಳೂ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳೂ) ಗೊತ್ತಿವೆ. ಆದರೆ ಸ್ವಂತವಾಗಿ ನುಡಿಸಹೊರಟರೆ ಬರೀ ಆರೋಹ, ಅವರೋಹದಂತೆ ಕೇಳುತ್ತದೆ. ಇದರಲ್ಲಿ ಮನೋಧರ್ಮ ಬೆಳೆಸಿಕೊಳ್ಳುವುದು ಹೇಗೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೆಲವು ದಿನಗಳ ಮಟ್ಟಿಗೆ ಸ್ಕೇಲನ್ನು ಬದಿಗಿಟ್ಟು, ಹಾಡುವುದರಿಂದ ಆರಂಭಿಸಿ. ಬ್ಲೂಸ್ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಹಾಡುಗಾರಿಕೆಯಿಂದ ಬೆಳೆದ ಸಂಗೀತ. ಅದರ ಹನ್ನೆರಡು ಬಾರ್‌ಗಳಲ್ಲಿ ನಾಲ್ಕು ಬಾರ್‌ಗಳ ಮೂರು ಸಾಲುಗಳಿರುತ್ತವೆ. ಪ್ರತಿ ಸಾಲಿನಲ್ಲೂ ಹಾಡು ಸಾಮಾನ್ಯವಾಗಿ ಮೊದಲೆರಡು ಬಾರ್‌ಗಳಲ್ಲೇ ಮುಗಿದು, ಉಳಿದ ಜಾಗ ವಾದ್ಯದ ಉತ್ತರಕ್ಕೆ ದೊರೆಯುತ್ತದೆ. ಶಿಕಾಗೊದಲ್ಲಿ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ತಂಡದ ಪಿಯಾನೊ ವಾದಕರಾಗಿದ್ದ ಓಟಿಸ್ ಸ್ಪ್ಯಾನ್ ಗಾಯಕನ ದನಿ ನಿಂತಲ್ಲಿ ಏನು ನುಡಿಸುತ್ತಾರೆಂಬುದನ್ನು ಗಮನವಿಟ್ಟು ಕೇಳಿದರೆ ಈ ಮಾತು ಸ್ಪಷ್ಟವಾಗುತ್ತದೆ. ತಾವೂ ಒಂದು ಚಿಕ್ಕ ಸಾಲನ್ನು ಹಾಡಿ, ಬಲಗೈಯಿಂದ ಮೂರು ನಾಲ್ಕು ಸ್ವರಗಳಲ್ಲಿ ಅದಕ್ಕೆ ಉತ್ತರ ಕೊಡಿ. ಎರಡನೆಯ ಸಾಲಿನಲ್ಲಿ ಅದೇ ಉತ್ತರವನ್ನು ತುಸು ಬದಲಿಸಿ. ಪ್ರತಿ ಬಾರನ್ನೂ ತುಂಬಲೇಬೇಕೆಂಬ ಆತುರವೇ ಕಲಿಯುವವರನ್ನು ಹೆಚ್ಚಾಗಿ ಕೆಡಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಡಗೈಗೆ ಈಗ ಎರಡೇ ಸ್ವರ ಸಾಕು. ಸಿಯನ್ನು ಷಡ್ಜವಾಗಿಟ್ಟುಕೊಂಡು, ಸಿ ಸೆವೆಂತ್ ಕಾರ್ಡಿಗೆ ಇ (ಶುದ್ಧ ಗಾಂಧಾರ) ಮತ್ತು ಬಿ ಫ್ಲ್ಯಾಟ್ (ಕೋಮಲ ನಿಷಾದ) ಒತ್ತಿ; ಎರಡೂ ಬೆರಳುಗಳನ್ನು ಅರ್ಧ ಸ್ವರ ಕೆಳಗಿಳಿಸಿದರೆ ಎಫ್ ಸೆವೆಂತ್‌ನ ಮುಖ್ಯ ಸ್ವರಗಳೂ, ಮೂಲ ಸ್ಥಾನದಿಂದ ಅರ್ಧ ಸ್ವರ ಮೇಲೇರಿಸಿದರೆ ಜಿ ಸೆವೆಂತ್‌ನವೂ ಸಿಗುತ್ತವೆ.

ಇನ್ನು ಬ್ಲೂಸ್‌ನ ಜೀವಾಳವಾದ ಗಾಂಧಾರದ ವಿಷಯ. ಗಾಯಕರು ಇದನ್ನು ಕೋಮಲಕ್ಕೂ ಶುದ್ಧಕ್ಕೂ ನಡುವೆ ಎಳೆದು ಹಾಡುತ್ತಾರೆ. ಪಿಯಾನೊದಲ್ಲಾಗಲಿ ಹಾರ್ಮೋನಿಯಂನಲ್ಲಾಗಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಎಳೆತ) ಸಾಧ್ಯವಿಲ್ಲದ್ದರಿಂದ, ಕೋಮಲ ಗಾಂಧಾರವಾದ ಇ ಫ್ಲ್ಯಾಟ್‌ನ ಕಪ್ಪು ಮನೆಯನ್ನು ತಾಗಿದ ಬೆರಳನ್ನು ತಕ್ಷಣವೇ ಪಕ್ಕದ ಇ ಬಿಳಿ ಮನೆಗೆ ಜಾರಿಸಬೇಕು. ಕಣಸ್ವರ (ಮುಖ್ಯ ಸ್ವರಕ್ಕೆ ಮುನ್ನ ತಾಗುವ ಕ್ಷಣಿಕ ಸ್ವರ) ಹಚ್ಚಿ ಅಭ್ಯಾಸವಿರುವ ತಮಗೆ ಇದು ಬೇಗ ಒಲಿಯುತ್ತದೆ. ಆದರೆ ಎಫ್ ಸೆವೆಂತ್ ನಡೆಯುವಾಗ ಇ ಫ್ಲ್ಯಾಟ್ ಆ ಕಾರ್ಡಿನದೇ ಸ್ವರವಾದ್ದರಿಂದ ಅಲ್ಲಿಯೇ ನಿಲ್ಲಿ. ಸಿ ಸೆವೆಂತ್‌ಗೆ ಮರಳಿದಾಗ ಮತ್ತೆ ಇಗೆ ಜಾರಿ. ಕಾರ್ಡ್ ಬದಲಾದುದನ್ನು ಬಲಗೈ ಒಂದೇ ಸ್ವರದಿಂದ ಕೇಳುಗನಿಗೆ ತಿಳಿಸಿಬಿಡುತ್ತದೆ.

ಲಯದಲ್ಲಿ ಪ್ರತಿ ಬೀಟನ್ನು ತಿಸ್ರದಂತೆ ಮೂರಾಗಿ ಎಣಿಸಿ, ಮೊದಲ ಸ್ವರಕ್ಕೆ ಎರಡು ಪಾಲನ್ನೂ ಎರಡನೆಯದಕ್ಕೆ ಒಂದು ಪಾಲನ್ನೂ ಕೊಡಿ. 1928ರಲ್ಲಿ ಪಿಯಾನೊ ವಾದಕ ಪೈನ್‌ಟಾಪ್ ಸ್ಮಿತ್ ಧ್ವನಿಮುದ್ರಿಸಿದಂತಹ ಬೂಗಿ ವೂಗಿ ಎಂಬ ಚುರುಕಾದ ಬ್ಲೂಸ್ ಪಿಯಾನೊ ಶೈಲಿಯ ಓಡುವ ಎಡಗೈಯನ್ನು, ನಿಧಾನಗತಿಯಲ್ಲಿ ಹನ್ನೆರಡು ಬಾರ್ ತಪ್ಪದೆ ಸುತ್ತಿ ಬರುವಂತಾದ ಮೇಲೆ ಕೈಗೆತ್ತಿಕೊಳ್ಳಿ.