ಒಳಾಂಗಣ ಕೂಟದ ಮಹಿಳೆಯರ ಉದ್ದಜಿಗಿತದ ಫಲಿತಾಂಶದಲ್ಲಿ ಗಾಳಿಯ ವೇಗವನ್ನು ಏಕೆ ನಮೂದಿಸುವುದಿಲ್ಲ?

ಛಾವಣಿಯ ಕೆಳಗೆ ಬೀಸುಗಾಳಿ ಇರುವುದಿಲ್ಲವಾದ್ದರಿಂದ ಅದನ್ನು ಅಳೆಯುವ ಪ್ರಮೇಯವೇ ಬರುವುದಿಲ್ಲ. ಬಯಲಿನಲ್ಲಾದರೆ ಬೆನ್ನಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದಾಗ ಆ ಜಿಗಿತವನ್ನು ದಾಖಲೆಯಾಗಿ ಪರಿಗಣಿಸುವುದಿಲ್ಲ. ಉಳಿದ ನಿಯಮಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ: 20 ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ ಕಾಲೂರಿ ಜಿಗಿಯಬೇಕು, ಮರಳಿನಲ್ಲಿ ಹಲಗೆಗೆ ಅತಿ ಸಮೀಪದಲ್ಲಿ ಮೂಡಿದ ಗುರುತಿನಿಂದಲೇ ದೂರವನ್ನು ಅಳೆಯುವುದರಿಂದ, ಇಳಿಯುವಾಗ ಕೈ ಹಿಂದಕ್ಕೆ ತಾಗಿದರೆ ಅಷ್ಟು ದೂರ ನಷ್ಟವಾದಂತೆಯೇ. ಪೂರ್ವ ಜರ್ಮನಿಯ ಹೈಕೆ ಡ್ರೆಕ್ಸ್ಲರ್ 1988ರಲ್ಲಿ ವಿಯೆನ್ನಾದಲ್ಲಿ ಜಿಗಿದ 7.37 ಮೀಟರ್ ಒಳಾಂಗಣ ವಿಶ್ವದಾಖಲೆಯಾಯಿತು. ಆದರೆ ಪೈಪೋಟಿಯ ರೋಚಕತೆಗೆ ನಾನು ಹೆಸರಿಸುವುದು 2012ರ ಇಸ್ತಾಂಬುಲ್ ವಿಶ್ವಕೂಟವನ್ನು; ಅಲ್ಲಿ ಅಮೆರಿಕದ ಬ್ರಿಟ್ನಿ ರೀಸ್ ಕೊನೆಯ ಯತ್ನದಲ್ಲಿ 7.23 ಮೀಟರ್ ಜಿಗಿದು, ಅದುವರೆಗೆ ಮುಂದಿದ್ದ ತಮ್ಮದೇ ದೇಶದ ಜನೇ ಡಿಲೋಚ್ ಅವರಿಂದ ಚಿನ್ನವನ್ನು ಕಸಿದುಕೊಂಡರು.