ಜರ್ಮನಿಯ ಶಾಲೆಯಲ್ಲಿ ಮಗ ಬಾಯಿ ಬಿಡುತ್ತಿಲ್ಲ

ಪ್ರಶ್ನೆ: ಕಳೆದ ಆಗಸ್ಟ್‌ನಲ್ಲಿ ಮೈಸೂರಿನಿಂದ ಮ್ಯೂನಿಕ್‌ಗೆ ಬಂದೆವು. ಏಳು ವರ್ಷದ ಮಗ ಇಲ್ಲಿ ಎರಡನೇ ತರಗತಿಯಲ್ಲಿದ್ದಾನೆ. ಶಾಲೆ ಸೇರಿ ನಾಲ್ಕು ತಿಂಗಳಾದರೂ ಅಲ್ಲಿ ಒಂದು ಮಾತೂ ಆಡುವುದಿಲ್ಲ. ಮನೆಯಲ್ಲೂ ಜರ್ಮನ್ ಮಾತನಾಡಿ ಎಂದು ಶಿಕ್ಷಕಿ ಹೇಳಿದ್ದರಿಂದ, ನಮಗೆ ಬರುವ ಅಷ್ಟಿಷ್ಟು ಜರ್ಮನ್‌ನಲ್ಲೇ ಮಾತನಾಡಿಸುತ್ತಿದ್ದೇವೆ. ಈಗ ನಮ್ಮೊಂದಿಗೂ ಮಾತು ಕಡಿಮೆ ಮಾಡಿದ್ದಾನೆ. ನಾಲ್ಕನೇ ತರಗತಿಯ ನಂತರ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ವಿಂಗಡಿಸುತ್ತಾರಂತೆ. ಅಷ್ಟರಲ್ಲಿ ಕಲಿತಾನೆಯೇ?
– ಒಬ್ಬ ತಾಯಿ, ಮ್ಯೂನಿಕ್

ಉತ್ತರ: ಮನೆಯಲ್ಲಿ ಜರ್ಮನ್ ಮಾತನಾಡುವುದನ್ನು ಇವತ್ತೇ ನಿಲ್ಲಿಸಿ. ಶಿಕ್ಷಕಿ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಶಾಲೆಯಲ್ಲಿ ಅರ್ಥವಾಗದ ಭಾಷೆ, ಮನೆಯಲ್ಲಿ ಅಪ್ಪ ಅಮ್ಮನೇ ತಡವರಿಸುವ ಭಾಷೆ. ಹೀಗಾದರೆ ಆ ಹುಡುಗ ಹಟ ಮಾಡುವುದು, ದೂರು ಹೇಳುವುದು, ಅಜ್ಜಿಯ ನೆನಪಾಗಿ ಅಳುವುದು ಯಾವ ಭಾಷೆಯಲ್ಲಿ?

ನಾನು ಒಂಬತ್ತನೇ ವಯಸ್ಸಿನಲ್ಲಿ ಶಿವಮೊಗ್ಗದಿಂದ ಸ್ಟುಟ್‌ಗಾರ್ಟ್‌ಗೆ ಬಂದವಳು. ಮೊದಲ ಚಳಿಗಾಲವಿಡೀ ತರಗತಿಯಲ್ಲಿ ಸುಮ್ಮನೆ ಕುಳಿತಿದ್ದೆ. ಸುಮ್ಮನಿದ್ದೆನೇ ಹೊರತು ಒಳಗೆ ಕೆಲಸ ನಡೆದೇ ಇತ್ತು. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ. ಅರ್ಥ ನೋಡಿ ಲಿಂಗ ಹೇಳುವ ಕನ್ನಡದ ಮಗುವಿಗೆ ಇದಕ್ಕೆ ಯಾವ ಬುಡವೂ ಸಿಗುವುದಿಲ್ಲ. ತಪ್ಪಿದರೆ ಎಲ್ಲರೂ ನಕ್ಕಾರು ಎಂಬ ಭಯಕ್ಕೆ ನಾನು ಒಂದೊಂದು ಪದವನ್ನೂ ಮನಸ್ಸಿನಲ್ಲೇ ಹೇಳಿಕೊಂಡು ನೋಡುತ್ತಿದ್ದೆ. ಹೊಸ ಭಾಷೆಯ ನಡುವೆ ಬಿದ್ದ ಅನೇಕ ಮಕ್ಕಳು ಹೀಗೆ ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುತ್ತಾರೆ. ಶಿಕ್ಷಕಿ ಪುಸ್ತಕ ತೆಗೆಯಿರಿ ಎಂದಾಗ ಅವನು ತೆಗೆಯುತ್ತಾನೆಯೇ, ಬಿಡುವಿನ ವೇಳೆಯಲ್ಲಿ ಉಳಿದವರ ಜೊತೆ ಓಡುತ್ತಾನೆಯೇ ಎಂದು ವಿಚಾರಿಸಿ. ಹೌದಾದರೆ ಕಾಯಬಹುದು. ಕನ್ನಡಕ್ಕೆ ಮರಳಿದ ಮೇಲೂ ಮನೆಯಲ್ಲಿ ಮಾತು ಬಾರದಿದ್ದರೆ, ಅಥವಾ ಶಾಲೆಯ ಮೌನ ಹೀಗೆಯೇ ಮುಂದುವರಿದರೆ, ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷಿಸಲಿ.

ಆಟದ ಮಾತು ಬೇಗ ಬರುತ್ತದೆ, ಪಾಠದ ಭಾಷೆ ನಿಧಾನ. ಮೊದಲನೆಯದಕ್ಕೆ ಸುಮಾರು ಎರಡು ವರ್ಷ, ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕೆಂದು ಕೆನಡಾದ ಭಾಷಾತಜ್ಞ ಜಿಮ್ ಕಮಿನ್ಸ್ ದಶಕಗಳ ಹಿಂದೆಯೇ ತೋರಿಸಿದ್ದಾರೆ. ನಾಳೆ ಅವನು ಗೆಳೆಯರೊಂದಿಗೆ ಪಟಪಟನೆ ಮಾತನಾಡುವುದನ್ನು ಕಂಡು ಎಲ್ಲವೂ ಬಂತು ಎಂದುಕೊಳ್ಳಬೇಡಿ. ಗಣಿತದ ವಾಕ್ಯಲೆಕ್ಕಗಳು ಆಗಲೂ ಕಷ್ಟವೇ. ಅಲ್ಲಿ ಕನ್ನಡ ನೆರವಾಗುತ್ತದೆ. ಭಿನ್ನರಾಶಿ ನನಗೆ ಅರ್ಥವಾದದ್ದು ಅಮ್ಮ ಅಡುಗೆಮನೆಯಲ್ಲಿ ಕನ್ನಡದಲ್ಲಿ ವಿವರಿಸಿದಾಗ. ಅದರ ಜರ್ಮನ್ ಹೆಸರುಗಳನ್ನು ಆಮೇಲೆ ಕಲಿತೆ. ಶಾಲೆಯ ಪಾಠವನ್ನು ನೀವು ಮೊದಲು ಓದಿಕೊಂಡು ಕನ್ನಡದಲ್ಲಿ ಹೇಳಿಕೊಡಿ. ರಾತ್ರಿ ಕನ್ನಡದ ಕಥೆ ಓದಿ. ಜರ್ಮನ್ ಕಲಿಯಲು ಬಡಾವಣೆಯ ಫುಟ್‌ಬಾಲ್ ಸಂಘಕ್ಕೆ ಸೇರಿಸಿ; ಚೆಂಡಿನ ಹಿಂದೆ ಓಡುವಾಗ ವ್ಯಾಕರಣದ ಭಯ ಇರುವುದಿಲ್ಲ.

ಇನ್ನು ವಿಂಗಡಣೆಯ ವಿಷಯ. ಜರ್ಮನಿಯಲ್ಲಿ 1 ಅತ್ಯುತ್ತಮ ಅಂಕ, 6 ಅತಿ ಕಡಿಮೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಗಿಮ್ನಾಸಿಯುಮ್ (ವಿಶ್ವವಿದ್ಯಾಲಯಕ್ಕೆ ನೇರ ದಾರಿಯಾಗುವ ಪ್ರೌಢಶಾಲೆ) ಸೇರಲು ಜರ್ಮನ್, ಗಣಿತ ಮತ್ತು ಪರಿಸರ ಅಧ್ಯಯನದಲ್ಲಿ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮ ಅಂಕ ಬೇಕು. ಆದರೆ ಒಂದನೇ ತರಗತಿಯಿಂದ ಇಲ್ಲಿ ಓದದ, ಬೇರೆ ಮಾತೃಭಾಷೆಯ ಮಕ್ಕಳಿಗೆ, ಸರಿಪಡಿಸಬಹುದಾದ ಭಾಷೆಯ ಕೊರತೆಯಿಂದ ಅಂಕ ಇಳಿದಿದ್ದರೆ 3.33ರವರೆಗೆ ವಿನಾಯಿತಿ ಕೊಡಲು ಅವಕಾಶವಿದೆ. ಈ ಬಗ್ಗೆ ಶಾಲೆಯ ಸಲಹಾ ಶಿಕ್ಷಕರನ್ನು ಮೂರನೇ ತರಗತಿಯಲ್ಲೇ ಕೇಳಿ ತಿಳಿಯಿರಿ. ರೆಯಾಲ್‌ಶೂಲೆ ಎಂಬ, ಹತ್ತನೇ ತರಗತಿಗೆ ಮುಗಿಯುವ ಶಾಲೆಗೆ ಹೋದವರಿಗೂ ಮುಂದೆ ವಿಶ್ವವಿದ್ಯಾಲಯದ ದಾರಿ ತೆರೆದೇ ಇರುತ್ತದೆ.

ನೀವು ಕೇಳದ ಒಂದು ಮಾತು ಹೇಳುತ್ತೇನೆ. ಅವನಿಗೆ ಭಾಷೆ ಬಂದ ಮೇಲೆ ಆಸ್ಪತ್ರೆಗೆ, ಕಚೇರಿಗೆ ದುಭಾಷಿಯಾಗಿ ಕರೆದೊಯ್ಯಬೇಡಿ. ಹತ್ತು ವರ್ಷದವಳಾಗಿದ್ದಾಗ ಅಮ್ಮನ ಕಾಯಿಲೆಯ ವಿವರವನ್ನು ವೈದ್ಯರ ಬಾಯಿಂದ ಕೇಳಿ ಅಮ್ಮನಿಗೆ ಹೇಳಬೇಕಾದವಳು ನಾನೇ. ಯಾವ ಮಗುವಿಗೂ ಆ ಕೆಲಸ ಬೇಡ. ನಿಮ್ಮ ಊರಿನ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ಸಾರ್ವಜನಿಕ ಕಲಿಕಾ ಕೇಂದ್ರದಲ್ಲಿ ದೊಡ್ಡವರಿಗೆ ಸಂಜೆಯ ಜರ್ಮನ್ ತರಗತಿಗಳಿವೆ. ನೀವಿಬ್ಬರೂ ಸೇರಿಕೊಳ್ಳಿ.