ಅಜ್ಜನ ಬಿಲ್ಲೆಯೂ ಹೆಬ್ಬೆರಳಿನ ಗುಟ್ಟೂ

ಕಾರವಾರದ ಕಾಜುಬಾಗಿನ ಓದುಗರೊಬ್ಬರು ಬರೆದಿದ್ದಾರೆ: "ಅಟ್ಟ ಖಾಲಿ ಮಾಡುವಾಗ ಅಜ್ಜನ ಟ್ರಂಕಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿತು. ಮೇಲೆ ಮೂಲೆಮಟ್ಟ ಮತ್ತು ಕೈವಾರದ ಚಿತ್ರ. ಅಜ್ಜ ಬೊಂಬಾಯಿಯಲ್ಲಿ ನೌಕರಿ ಮಾಡಿದವರು. ಇದು ಫ್ರೀಮೇಸನ್ನರ ಗುರುತು, ಅವರು ಕೈಕುಲುಕುವಾಗ ಹೆಬ್ಬೆರಳಲ್ಲಿ ಗುಟ್ಟಾಗಿ ಒತ್ತುತ್ತಾರೆ, ಅದು ಸೈತಾನನ ಸಂಘ ಅಂತ ಅಳಿಯ ವಾಟ್ಸ್ಯಾಪಿನಲ್ಲಿ ಬಂದ, ಮುಖಂಡರಿಬ್ಬರು ಕೈಕುಲುಕುವ ಫೋಟೋ ತೋರಿಸಿದ. ಮನೆಯವಳು ಬಿಲ್ಲೆಯನ್ನು ಕಾಳಿ ನದಿಗೆ ಹಾಕಿ ಬನ್ನಿ ಅನ್ನುತ್ತಿದ್ದಾಳೆ. ಏನು ಮಾಡಲಿ?"

ಸಂಪಾದಕರ ಉತ್ತರ:

ದಯವಿಟ್ಟು ನದಿಗೆ ಹಾಕಬೇಡಿ. ಅಕ್ಕನವರಿಗೂ ಈ ಪತ್ರ ಓದಿ ಹೇಳಿ.

ಬಿಲ್ಲೆಯ ಮೇಲಿರುವುದು ನಮ್ಮ ಚಿರೆಕಲ್ಲು ಕಟ್ಟುವ ಮೇಸ್ತ್ರಿಯ ಚೀಲದಲ್ಲೂ ಇರುವಂಥ ಸಾಮಾನು. ಫ್ರೀಮೇಸನ್ನರದು ಗುಟ್ಟಿನ ಗುರುತುಗಳಿರುವ ಒಂದು ಹಳೇ ಸಂಘ, ಅದರ ಒಂದೊಂದು ಶಾಖೆಗೆ ಲಾಡ್ಜ್ ಅನ್ನುತ್ತಾರೆ. ಮೇಸನ್ ಅಂದರೆ ಕಲ್ಲುಕೆಲಸದವನು. ಲಾಡ್ಜ್ ಅಂದರೂ ಅಷ್ಟೇ, ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜ್ ಅಲ್ಲ. ಕಟ್ಟಡದ ಪಕ್ಕ ಕಲ್ಲುಕುಟಿಗರು ಹಾಕಿಕೊಳ್ಳುತ್ತಿದ್ದ ಗುಡಿಸಲು.

ಕಲ್ಲುಕೆಲಸದವರು ಊರೂರು ತಿರುಗುವ ಜನ. ಹೊಸ ಊರಲ್ಲಿ ಒಬ್ಬ ಬಂದು "ನಾನು ಪೂರ್ತಿ ಕೆಲಸ ಕಲಿತವನು, ಕೂಲಿ ಕೊಡಿ" ಅಂದರೆ ನಂಬುವುದು ಹೇಗೆ? ಸರ್ಟಿಫಿಕೇಟು ಇಲ್ಲ, ಓದು ಬರಹವೂ ಕಡಿಮೆ. 17ನೇ ಶತಮಾನದ ಸ್ಕಾಟ್‌ಲೆಂಡಿನಲ್ಲಿ ಇದಕ್ಕೆ 'ಮೇಸನ್ನರ ಮಾತು' ಎಂಬ ಗುರುತಿತ್ತು. ಆ ಮಾತು ಗೊತ್ತಿಲ್ಲದವನನ್ನು 'ಕೋವನ್' ಅನ್ನುತ್ತಿದ್ದರು, ಅಂದರೆ ಕ್ರಮವಾಗಿ ಕೆಲಸ ಕಲಿಯದವನು. ಆಮೇಲೆ ಉಳಿ ಹಿಡಿದೇ ಗೊತ್ತಿಲ್ಲದ ದೊಡ್ಡ ಮನುಷ್ಯರು ಲಾಡ್ಜ್‌ಗಳಿಗೆ ಸೇರತೊಡಗಿದರು. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಒಂದಾಗಿ 'ಗ್ರ್ಯಾಂಡ್ ಲಾಡ್ಜ್' ಎಂಬ ಮೇಲಿನ ಸಂಘ ಕಟ್ಟಿದವು ಎಂಬುದು ಅವರೇ ಇಟ್ಟುಕೊಂಡ ಲೆಕ್ಕ. ಕಲ್ಲು ಹೋಯಿತು, ಗುರುತು ಉಳಿಯಿತು.

ಈಗ ಹೆಬ್ಬೆರಳಿನ ವಿಷಯ. ಅವರಲ್ಲಿ ಮೂರು ಮೆಟ್ಟಿಲು: ಕಲಿಯುವವನು, ಜೊತೆಗಾರ, ಮೇಸ್ತ್ರಿ. ಕಲಿಯುವವನು ಎದುರಿನವರ ತೋರುಬೆರಳಿನ ಬುಡದ ಗಿಣ್ಣಿಗೆ ಒತ್ತುತ್ತಾನೆ. ಜೊತೆಗಾರನಾದರೆ ಹೆಬ್ಬೆರಳು ನಡುಬೆರಳಿನ ಗಿಣ್ಣಿಗೆ ಸರಿಯುತ್ತದೆ. ಮೇಸ್ತ್ರಿಯದು ಬರೀ ಒತ್ತು ಅಲ್ಲ, ಬೆರಳು ಅಗಲಿಸಿ ಮಣಿಕಟ್ಟನ್ನೇ ಹಿಡಿಯುವುದು. ಅದಕ್ಕೆ ಸಿಂಹದ ಪಂಜ ಎಂದು ಹೆಸರು.

ಈ ಮೂರನೆಯದರ ಹಿಂದೆ ಒಂದು ಕತೆ ಇದೆ. ಬೈಬಲ್ಲಿನ ಸೊಲೊಮನ್ ರಾಜನ ದೇವಾಲಯ ಕಟ್ಟುತ್ತಿದ್ದ ಹಿರಾಮ್ ಎಂಬ ದೊಡ್ಡ ಮೇಸ್ತ್ರಿಯನ್ನು ಮೂವರು ಕೆಲಸಗಾರರು ಅಡ್ಡಗಟ್ಟಿ, ಮೇಸ್ತ್ರಿಯ ಗುಟ್ಟಿನ ಮಾತು ಹೇಳು ಅಂದರಂತೆ. ಆತ ಹೇಳಲಿಲ್ಲ, ಕೊಂದು ಹೂತರು. ಹುಡುಕಿ ಬಂದವರು ಹೆಣ ಎತ್ತಲು ಮೊದಲ ಹಿಡಿತ ಹಾಕಿದರೆ ಚರ್ಮ ಜಾರಿತು. ಎರಡನೆಯದಕ್ಕೂ ಹಾಗೇ. ಮಣಿಕಟ್ಟು ಹಿಡಿದು ಎಳೆದಾಗಲೇ ಮೇಲೆ ಬಂದದ್ದು. ಮೇಸ್ತ್ರಿಯಾಗುವವನನ್ನು ಇವತ್ತಿಗೂ ನೆಲದಿಂದ ಹೀಗೇ ಎಬ್ಬಿಸುತ್ತಾರೆ. ನಾಟಕ ಅನ್ನಿ, ಆದರೆ ಸತ್ತವನನ್ನು ಎತ್ತಿದ ಕೈ ಅಂತ ತಿಳಿದ ಮೇಲೆ ಆ ಹಿಡಿತ ನನಗಂತೂ ಸುಮ್ನೆ ಚೇಷ್ಟೆ ಅನ್ನಿಸಲಿಲ್ಲ.

ಗುಟ್ಟು ಗುಟ್ಟಾಗಿ ಉಳಿಯಿತೇ? ಎಲ್ಲಿ! 1730ರಲ್ಲೇ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ಎಲ್ಲವನ್ನೂ ಅಚ್ಚು ಹಾಕಿಸಿ ಲಂಡನ್ನಿನಲ್ಲಿ ಮಾರಿದ. ಬೋಗಸ್ ಜನ ನುಗ್ಗದಿರಲಿ ಅಂತ ಗ್ರ್ಯಾಂಡ್ ಲಾಡ್ಜಿನವರು ಮೊದಲೆರಡು ಮೆಟ್ಟಿಲಿನ ಗುರುತಿನ ಮಾತುಗಳನ್ನೇ ಅದಲುಬದಲು ಮಾಡಿದರು. ನಾವು ಎಟಿಎಂ ಪಿನ್ ಬದಲಿಸಿದ ಹಾಗೆ. ಅದೇ ದೊಡ್ಡ ತಕರಾರಾಗಿ, 1751ರಲ್ಲಿ ಇನ್ನೊಂದು ಗ್ರ್ಯಾಂಡ್ ಲಾಡ್ಜ್ ಎದುರು ನಿಂತಿತು.

ಗುಟ್ಟಿನ ಕೈ ನಮಗೇನು ಹೊಸದಲ್ಲ. ನನಗೆ ಹತ್ತು ವರ್ಷ ಇರಬೇಕು. ಅಜ್ಜ ಎತ್ತು ಕೊಳ್ಳಲು ಶಿರಸಿಯಿಂದ ಹಾವೇರಿ ಸಂತೆಗೆ ಕರೆದುಕೊಂಡು ಹೋಗಿದ್ದರು. ದಲಾಲಿ ಟವೆಲ್ ಹೊದೆಸಿದ, ಅದರಡಿ ಅಜ್ಜನ ಬೆರಳು ಹಿಡಿದ. ಟವೆಲ್ ಮಿಸುಕುತ್ತಿತ್ತು, ಅಜ್ಜನ ಮುಖ ಮಾತ್ರ ಕಲ್ಲು. ಸುತ್ತ ಹತ್ತು ಜನ ನಿಂತಿದ್ದರೂ ರೇಟು ಒಬ್ಬರಿಗೂ ತಿಳಿಯಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಒಂದೊಂದೇ ಬೆರಳು ಒತ್ತಿ ಲೆಕ್ಕ ಕಲಿಸಿದರು. "ಅಜ್ಜಿಗೆ ಹೇಳಬೇಡ" ಅಂದದ್ದು ಲೆಕ್ಕಕ್ಕೋ, ಕೊಟ್ಟ ರೇಟಿಗೋ, ಇಂದಿಗೂ ಗೊತ್ತಿಲ್ಲ. ದಲಾಲಿ ಮುಚ್ಚಿಟ್ಟದ್ದು ರೇಟನ್ನು. ಮೇಸನ್ನರಿಗೆ ಟವೆಲ್ಲೇ ಬೇಡ, ಎಲ್ಲರೆದುರೇ ಕೈಕುಲುಕುತ್ತಾರೆ.

ಸೈತಾನನ ಮಾತು ಬಿಡಿ. ಲಾಡ್ಜಿನಲ್ಲಿ ಪ್ರಮಾಣ ಮಾಡುವಾಗ ಅವರವರ ಧರ್ಮಗ್ರಂಥ ಇಡುತ್ತಾರೆ, ಹಿಂದೂಗಳಾದರೆ ಭಗವದ್ಗೀತೆ. ಸ್ವಾಮಿ ವಿವೇಕಾನಂದರು ಇನ್ನೂ ನರೇಂದ್ರನಾಥ ದತ್ತ ಆಗಿದ್ದಾಗ, 1884ರಲ್ಲಿ, ಕಲ್ಕತ್ತೆಯ ಲಾಡ್ಜ್ ಸೇರಿದ್ದರು. ಬೊಂಬಾಯಿಯಲ್ಲಿ ಭಾರತೀಯರಿಗೆ ಬಾಗಿಲು ತೆರೆದ ಲಾಡ್ಜ್ 1843ರಲ್ಲೇ ಶುರುವಾಗಿತ್ತು. ನಿಮ್ಮ ಅಜ್ಜ ಅಲ್ಲಿ ಯಾವುದಾದರೂ ಲಾಡ್ಜಿಗೆ ಹೋಗಿದ್ದರೆ ಆಶ್ಚರ್ಯವಿಲ್ಲ. ಹಾಗಂತ ಎಲ್ಲ ಸಾಚಾ ಅಂತಲೂ ಅಲ್ಲ. ನಮ್ಮವನು ಅಂತ ಕೈಯಲ್ಲೇ ತಿಳಿಸಿ ಕೆಲಸ ಮಾಡಿಸಿಕೊಳ್ಳುತ್ತಾರೆ ಎಂಬ ದೂರು ಅವರ ಮೇಲೆ ಇಂಗ್ಲೆಂಡಿನಲ್ಲೂ ಇದೆ. ನಮ್ಮಲ್ಲಿ ಅದಕ್ಕೆ ಹೆಬ್ಬೆರಳೂ ಬೇಡ, ಅಡ್ಡಹೆಸರು ಸಾಕು.

ಇನ್ನು ಅಳಿಯನ ಫೋಟೋ. ಇಬ್ಬರು ಮುಖಂಡರು ಕೈಕುಲುಕುವಾಗ ಹೆಬ್ಬೆರಳು ಎಲ್ಲಾದರೂ ಒಂದು ಕಡೆ ಕೂರಲೇಬೇಕಲ್ವಾ? ಅಷ್ಟಕ್ಕೇ ಸಂಘ ಕಟ್ಟಬೇಡಿ.

ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರವಿದ್ದರೆ ಸವೆದುಹೋದೀತು. ಒಣಬಟ್ಟೆಯಲ್ಲಿ ಒರೆಸಿ, ಹಿಂಬದಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಲಾಡ್ಜ್‌ಗಳಿಗೆ ಹೆಸರಿನ ಜೊತೆ ನಂಬರೂ ಇರುತ್ತದೆ. ಕಂಡರೆ ಫೋಟೋ ತೆಗೆದು ಕಳಿಸಿ, ಅದು ಯಾವ ಲಾಡ್ಜ್ ಅಂತ ಒಟ್ಟಿಗೆ ಹುಡುಕೋಣ.